ಮೂಳೆಗೆ ಕೆಲಸ, ಮಗುವಿಗೆ ಕಾರಣ

ಫಿಸಿಯೋಥೆರಪಿ ಕೋಣೆಯಲ್ಲಿ ಮಕ್ಕಳ ಕಿವಿಗೆ ಹೆಚ್ಚಾಗಿ ಬೀಳುವ ಮಾತು ಎರಡು: ‘ಇನ್ನೊಂದ್ಸಲ ಮಾಡು’, ‘ಅಳಬಾರದು’. ಯಾಕೆ ಮಾಡಬೇಕು ಅನ್ನುವುದನ್ನು ಅಪ್ಪ–ಅಮ್ಮನಿಗೆ ವಿವರಿಸುತ್ತಾರೆ; ಪಕ್ಕದಲ್ಲೇ ಕೂತ ಮಗುವಿನೊಂದಿಗೆ ಆ ಮಾತಿಲ್ಲ. ಚಿಕಿತ್ಸೆ ನಡೆಯುವುದು ವಾರಕ್ಕೆ ಒಂದೋ ಎರಡೋ ಸಲ, ಅರ್ಧ–ಮುಕ್ಕಾಲು ಗಂಟೆ. ಉಳಿದ ಹೊತ್ತೆಲ್ಲ ಮಗು ಮನೆಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ಇರುತ್ತದೆ. ವ್ಯಾಯಾಮ ಕೈಗೂಡುವುದೋ ಕೈಬಿಡುವುದೋ ತೀರ್ಮಾನವಾಗುವುದು ಅಲ್ಲೇ.

ಹಾಗಾಗಿ ಮಗುವಿಗೆ ಕಾರಣ ಹೇಳುವುದನ್ನು ಒಂದು ಸೌಜನ್ಯ ಎಂದು ನೋಡುವ ಕಾಲ ಹೋಯಿತು. ಅದೂ ಚಿಕಿತ್ಸೆಯ ಭಾಗವೇ. ಏನು ಹೇಳಬೇಕು, ಹೇಗೆ ಹೇಳಬೇಕು, ಯಾವುದನ್ನು ಹೇಳಲೇಬಾರದು ಎಂಬ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಸಿಗುವುದಿಲ್ಲ. ಸ್ವಲ್ಪ ಮೂಳೆಯ ವಿಜ್ಞಾನದಲ್ಲಿದೆ, ಸ್ವಲ್ಪ ಮಕ್ಕಳ ಕಲಿಕೆಯ ಅಧ್ಯಯನಗಳಲ್ಲಿದೆ, ಇನ್ನು ಸ್ವಲ್ಪ ಕಳೆದ ಎರಡು ದಶಕಗಳಲ್ಲಿ ಚಿಕಿತ್ಸೆಯೇ ಬದಲಾದ ಬಗೆಯಲ್ಲಿದೆ. ಈ ಮೂರನ್ನೂ ಒಟ್ಟಿಗಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೂಳೆ ಜೀವಂತ ಅನ್ನುವ ಮೊದಲ ಪಾಠ

ಶಾಲೆಯಲ್ಲಿ ಮೂಳೆಯನ್ನು ಮನೆಯ ಕಂಬಕ್ಕೆ ಹೋಲಿಸುವುದು ವಾಡಿಕೆ. ಅದು ಅರ್ಧ ಮಾತ್ರ ಸರಿ. ಕಂಬ ಭಾರ ಹೊತ್ತಷ್ಟೂ ದಪ್ಪವಾಗುವುದಿಲ್ಲ, ಬಿರುಕು ಬಿಟ್ಟರೆ ತಾನೇ ಕೂಡಿಕೊಳ್ಳುವುದೂ ಇಲ್ಲ. ಮೂಳೆ ಎರಡನ್ನೂ ಮಾಡುತ್ತದೆ. ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಮೂಳೆ ತನ್ನ ಒಳಗಟ್ಟನ್ನು ತಿದ್ದಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಲ್ಲಿ ಪುಸ್ತಕವನ್ನೇ ಬರೆದ. ಅದು ಹೇಗೆ ನಡೆಯುತ್ತದೆ ಎನ್ನುವುದು ಈಗ ಗೊತ್ತಿದೆ. ಮೂಳೆಯೊಳಗೆ ಹುದುಗಿರುವ ಆಸ್ಟಿಯೋಸೈಟ್ ಎಂಬ ಜೀವಕೋಶಗಳು ಒತ್ತಡವನ್ನು ಗ್ರಹಿಸುತ್ತವೆ. ಅವು ಕೊಡುವ ಸೂಚನೆಯಂತೆ ಆಸ್ಟಿಯೋಕ್ಲಾಸ್ಟ್‌ಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಹೊಸದನ್ನು ಕಟ್ಟುತ್ತವೆ. ಭಾರವೇ ಬೀಳದಿದ್ದರೆ ಕರಗುವುದು ಹೆಚ್ಚು, ಕಟ್ಟುವುದು ಕಡಿಮೆ. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇರುವ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುವುದು ಇದೇ ಕಾರಣಕ್ಕೆ. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇದರ ಇನ್ನೊಂದು ಮಗ್ಗುಲನ್ನು ಟೆನಿಸ್ ಆಟಗಾರರಲ್ಲಿ ಕಂಡರು. ರ್‍ಯಾಕೆಟ್ ಹಿಡಿಯುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ಗಟ್ಟಿ. ಪ್ರಾಯಕ್ಕೆ ಬರುವ ಮೊದಲೇ ಆಟ ಶುರು ಮಾಡಿದವರಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು ಎಂದು 1990ರ ದಶಕದಲ್ಲಿ ಫಿನ್ಲೆಂಡಿನ ಸಂಶೋಧಕರು ತೋರಿಸಿದರು. ಅಮೆರಿಕದ ಒರೆಗಾನ್‌ನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಸರಳ. ಶಾಲಾಮಕ್ಕಳು ವಾರಕ್ಕೆ ಮೂರು ದಿನ, ದಿನಕ್ಕೆ ನೂರು ಸಲ, 61 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಿಂದ ಎರಡೂ ಕಾಲಿನಲ್ಲಿ ಕೆಳಕ್ಕೆ ಜಿಗಿದರು. ಏಳು ತಿಂಗಳ ಹೊತ್ತಿಗೆ ಅವರ ತೊಡೆಮೂಳೆಯ ಕತ್ತಿನಲ್ಲೂ ಬೆನ್ನುಮೂಳೆಯ ಕೆಳಭಾಗದಲ್ಲೂ ಮೂಳೆಯ ಅಂಶ ಜಿಗಿಯದ ಮಕ್ಕಳಿಗಿಂತ ಹೆಚ್ಚಾಗಿತ್ತು. ಕುಂಟೆಬಿಲ್ಲೆ, ಹಗ್ಗಜಿಗಿತ, ಖೋ ಖೋ ಆಡುವ ಮಗು ಲೆಕ್ಕ ಇಡದೆ ಮಾಡುವ ಕೆಲಸವೂ ಇದೇ. ಜೀವಮಾನದಲ್ಲಿ ಗಳಿಸುವ ಮೂಳೆಯ ಬಹುಪಾಲು ಹದಿಹರೆಯ ಮುಗಿಯುವುದರೊಳಗೇ ಸೇರಿಬಿಡುವುದರಿಂದ ಈ ಜಿಗಿತಗಳ ಬೆಲೆ ಚಿಕ್ಕದಲ್ಲ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಓಡಾಡಬೇಕು, ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು–ಮೂಳೆ ಗಟ್ಟಿಯಾಗಿಸುವ ಚಟುವಟಿಕೆ ಅದರಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದಕ್ಕೆ ಹಿನ್ನೆಲೆ ಇಂಥ ಅಧ್ಯಯನಗಳೇ.

ಸ್ನಾಯುವಿನ ಪಾಠ ಎರಡು ಮಾತಿನದು. ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಅದಕ್ಕೇ ಜೋಡಿಯಾಗಿ ಇರುತ್ತದೆ. ಇದನ್ನು ಯಾವ ಮಗುವೂ ಕೂತಲ್ಲೇ ಪರೀಕ್ಷಿಸಬಹುದು. ಎಡಗೈಯಿಂದ ಬಲ ತೋಳನ್ನು ಹಿಡಿದುಕೊಂಡು, ಬಲ ಅಂಗೈಯನ್ನು ಮೇಜಿನ ಅಡಿಗಿಟ್ಟು ಮೇಲಕ್ಕೆ ಒತ್ತಿದರೆ ತೋಳಿನ ಮುಂಭಾಗ ಬಿಗಿಯುತ್ತದೆ. ಅದೇ ಅಂಗೈಯನ್ನು ಮೇಜಿನ ಮೇಲಿಟ್ಟು ಕೆಳಕ್ಕೆ ಒತ್ತಿದರೆ ಮುಂಭಾಗ ಸಡಿಲಾಗಿ ಹಿಂಭಾಗ ಬಿಗಿಯುತ್ತದೆ. ಎರಡನೆಯ ಮಾತು: ಸ್ನಾಯುವಿಗೆ ಮೊದಲು ಬರುವುದು ಕಲಿಕೆ, ಆಮೇಲೆ ಗಾತ್ರ. ಪ್ರಾಯಕ್ಕೆ ಬಾರದ ಮಕ್ಕಳಲ್ಲಿ ವ್ಯಾಯಾಮದಿಂದ ಹೆಚ್ಚುವ ಬಲದ ಬಹುಭಾಗ ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಿಕೊಳ್ಳಲು ಕಲಿತದ್ದರಿಂದ ಬಂದದ್ದು. ‘ತೋಳು ದಪ್ಪ ಆಗಲೇ ಇಲ್ವಲ್ಲ’ ಎಂದು ಬೇಸರಿಸುವ ಹುಡುಗನಿಗೆ ಹೇಳಬೇಕಾದದ್ದು ಇದು.

ಬೆಳೆಯುವ ಮಕ್ಕಳಿಗೇ ಸೇರಿದ ಮಾತು ಇನ್ನೊಂದಿದೆ. ಮೂಳೆ ಉದ್ದವಾಗುವುದು ಅದರ ತುದಿಯ ಬಳಿ ಇರುವ ಮೃದ್ವಸ್ಥಿಯ ಪದರದಲ್ಲಿ. ಮೂಳೆ ಉದ್ದವಾದಂತೆ ಸ್ನಾಯುವೂ ತನ್ನ ಎಳೆಗಳಿಗೆ ಹೊಸ ಘಟಕಗಳನ್ನು ಸೇರಿಸಿಕೊಂಡು ಉದ್ದವಾಗಬೇಕು. ಓಡಾಟವಿಲ್ಲದ, ಸದಾ ಬಿಗಿದಿರುವ ಸ್ನಾಯು ಈ ಓಟದಲ್ಲಿ ಹಿಂದೆ ಬೀಳುತ್ತದೆ. ಸೆರೆಬ್ರಲ್ ಪಾಲ್ಸಿ ಎಂಬ ಚಲನೆಯ ತೊಂದರೆ ಇರುವ ಮಗು ಎತ್ತರ ಬೆಳೆಯುವ ವರ್ಷಗಳಲ್ಲೇ ಹಿಮ್ಮಡಿ ನೆಲಕ್ಕೆ ತಾಗದೆ ತುದಿಗಾಲಲ್ಲಿ ನಡೆಯುವುದು ಹೆಚ್ಚಾಗಲು ಇದೂ ಒಂದು ಕಾರಣ.

ಮಗು ತನ್ನ ಮೈಯನ್ನು ಹೇಗೆ ಕಾಣುತ್ತದೆ?

ಆರೇಳು ವರ್ಷದ ಮಗುವಿಗೆ ಮೈಯ ಹೊರಗೆರೆ ಬರೆದುಕೊಟ್ಟು, ಒಳಗೆ ಮೂಳೆ ಬರೆ ಎಂದರೆ ಸಾಮಾನ್ಯವಾಗಿ ಸಿಗುವುದು ಬಿಡಿಬಿಡಿ ತುಂಡುಗಳು. ತೋಳಲ್ಲೊಂದು, ಹೊಟ್ಟೆಯಲ್ಲೊಂದು, ಕಾಲಲ್ಲೆರಡು, ಒಂದಕ್ಕೊಂದು ಸಂಬಂಧವಿಲ್ಲ. ಕೀಲುಗಳು ಕಾಣುವುದೇ ಅಪರೂಪ. ಪ್ಯಾರಿಸ್ಸಿನ ಲಾ ವಿಲೆಟ್ ವಿಜ್ಞಾನ ಕೇಂದ್ರದ ಮಕ್ಕಳ ವಿಭಾಗದಲ್ಲಿ ಇದಕ್ಕೊಂದು ಉಪಾಯ ಹೂಡಿದರು. ಮಗು ಸೈಕಲ್ ಮೇಲೆ ಕೂತು ತುಳಿಯುತ್ತಿದ್ದಂತೆ ಎದುರಿನ ಗಾಜಿನಲ್ಲಿ ಅದರ ಬಿಂಬದ ಮೇಲೆ ಅಸ್ಥಿಪಂಜರವೊಂದು ಮೂಡಿ, ಅದೂ ಅದೇ ತಾಳಕ್ಕೆ ಪೆಡಲ್ ತುಳಿಯುತ್ತದೆ. ಯಾವ ಮೂಳೆ ಎಲ್ಲಿಂದ ಎಲ್ಲಿಯವರೆಗಿದೆ, ಮಂಡಿಯಲ್ಲಿ ಏನಾಗುತ್ತಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಅದನ್ನು ಬಳಸಿದ ಮಕ್ಕಳು ಆಮೇಲೆ ಬರೆದ ಚಿತ್ರಗಳಲ್ಲಿ ಮೂಳೆಗಳು ಕೀಲಿನಿಂದ ಕೀಲಿಗೆ ಹಾಯುತ್ತಿದ್ದವು ಎಂದು ಅದನ್ನು ರೂಪಿಸಿದ ಜಾಕ್ ಗಿಶಾರ್ 1995ರಲ್ಲಿ ಬರೆದರು. ತನ್ನ ಚಲನೆಯನ್ನೇ ಕಣ್ಣಾರೆ ಕಂಡ ಮಗು ಬೇಗ ಕಲಿಯಿತು.

ನಮ್ಮಲ್ಲಿ ಆರನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನದಲ್ಲಿ ಬಹುಕಾಲ ಇದ್ದ ‘ದೇಹದ ಚಲನೆಗಳು’ ಪಾಠವೂ ಇದೇ ದಾರಿ ಹಿಡಿದಿತ್ತು. ತೋಳಿಗೆ ಅಳತೆಪಟ್ಟಿ ಕಟ್ಟಿಸಿ, ಈಗ ಮೊಣಕೈ ಮಡಚು ನೋಡೋಣ ಎಂದು ಕೇಳುವ ಚಟುವಟಿಕೆ ಅದರಲ್ಲಿತ್ತು. ಕೀಲುಗಳ ಬಗೆ, ಸ್ನಾಯುಗಳ ಜೋಡಿ ಅಲ್ಲಿ ಚೆನ್ನಾಗಿ ಬರುತ್ತಿದ್ದವು. ಅದಕ್ಕೆ ಒಂದು ಹೆಜ್ಜೆ ಸೇರಿಸಿದರೆ ಫಿಸಿಯೋಥೆರಪಿಯ ಪಾಠವೇ ಆಗುತ್ತದೆ: ಪಟ್ಟಿಯನ್ನು ಒಂದು ತಿಂಗಳು ಬಿಚ್ಚದಿದ್ದರೆ ಒಳಗಿನ ಸ್ನಾಯುವಿಗೆ, ಮೂಳೆಗೆ, ಕೀಲಿಗೆ ಏನಾದೀತು? ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದ ಸಹಪಾಠಿ ಒಬ್ಬನಾದರೂ ತರಗತಿಯಲ್ಲಿ ಇರುತ್ತಾನೆ. ಅವನ ತೋಳು ಸಪುರವಾದದ್ದನ್ನು ಎಲ್ಲರೂ ನೋಡಿರುತ್ತಾರೆ.

ಇನ್ನೂ ಚಿಕ್ಕ ಮಕ್ಕಳಿಗೆ ಗೊಂಬೆಯೇ ರೋಗಿ. ಯುರೋಪಿನ ಹಲವು ನಗರಗಳಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ‘ಟೆಡ್ಡಿ ಬೇರ್ ಆಸ್ಪತ್ರೆ’ ನಡೆಸುತ್ತಾರೆ. ಮಗು ತನ್ನ ಗೊಂಬೆಯ ಕಾಲಿಗೆ ತಾನೇ ಪಟ್ಟಿ ಕಟ್ಟುತ್ತದೆ, ನಡೆಸುತ್ತದೆ. ಇದರಲ್ಲಿ ಪಾಲ್ಗೊಂಡ ಮಕ್ಕಳಿಗೆ ಆಸ್ಪತ್ರೆಯ ಭಯ ಕಡಿಮೆಯಾದದ್ದನ್ನು ಇಸ್ರೇಲಿನ ಅಧ್ಯಯನವೊಂದು 2008ರಲ್ಲಿ ದಾಖಲಿಸಿತು. ಇದಕ್ಕೆ ಖರ್ಚೂ ಇಲ್ಲ. ಅಂಗನವಾಡಿಯಲ್ಲಿ ಬಟ್ಟೆಯ ಗೊಂಬೆ, ಎರಡು ಕಡ್ಡಿ, ಹಳೆಯ ಪಂಚೆಯ ಚೂರು ಸಾಕು.

ಮಾಡಿಸಿಕೊಳ್ಳುವುದರಿಂದ ಮಾಡುವುದಕ್ಕೆ

ಮಗುವಿಗೆ ಕಾರಣ ಹೇಳಲೇಬೇಕು ಎನ್ನುವ ವಾದಕ್ಕೆ ಅತಿ ಗಟ್ಟಿ ಬೆಂಬಲ ಬಂದದ್ದು ಶಿಕ್ಷಣದಿಂದಲ್ಲ, ಚಿಕಿತ್ಸೆಯ ಒಳಗಿನಿಂದಲೇ. ಸೆರೆಬ್ರಲ್ ಪಾಲ್ಸಿ ಎಂದರೆ ಬೆಳೆಯುತ್ತಿರುವ ಮೆದುಳಿಗೆ ಆದ ಹಾನಿಯಿಂದ ಬರುವ ಚಲನೆಯ ತೊಂದರೆ. ಅದರ ಚಿಕಿತ್ಸೆಗೆ 1940ರ ದಶಕದಲ್ಲಿ ಲಂಡನ್ನಿನಲ್ಲಿ ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿ ಕಟ್ಟಿದ ಪದ್ಧತಿ ದಶಕಗಳ ಕಾಲ ಜಗತ್ತಿನಾದ್ಯಂತ ನಡೆಯಿತು. ಅದರಲ್ಲಿ ಚಿಕಿತ್ಸಕರ ಕೈಗಳೇ ಮಗುವಿನ ಮೈಯನ್ನು ಸರಿಯಾದ ಭಂಗಿಗೆ ತಂದು ನಡೆಸುತ್ತಿದ್ದವು. ಆಸ್ಟ್ರೇಲಿಯಾದ ಇಯೋನಾ ನೊವಾಕ್ ಮತ್ತು ಸಂಗಡಿಗರು 2013ರಲ್ಲಿ, ಮತ್ತೆ 2020ರಲ್ಲಿ, ಲಭ್ಯ ಅಧ್ಯಯನಗಳನ್ನೆಲ್ಲ ಜಾಲಾಡಿ ಚಿಕಿತ್ಸೆಗಳಿಗೆ ಟ್ರಾಫಿಕ್ ದೀಪದಂತೆ ಹಸಿರು, ಹಳದಿ, ಕೆಂಪು ಗುರುತು ಹಾಕಿದರು. ಹಸಿರು ಬಿದ್ದದ್ದು ಮಗು ತಾನೇ ಮಾಡುವ, ತನಗೆ ಬೇಕಾದ ಗುರಿಯಿಟ್ಟುಕೊಂಡು ಮಾಡುವ, ಮನೆಯಲ್ಲೇ ಮುಂದುವರಿಸಬಲ್ಲ ಅಭ್ಯಾಸಗಳಿಗೆ. ಬೇರೆಯವರು ಕೈಕಾಲು ಹಿಡಿದು ಬರೀ ಎಳೆಯುವುದಕ್ಕೂ, ಹಳೆಯ ರೂಪದ ಬೊಬಾತ್ ಪದ್ಧತಿಗೂ ಹಸಿರು ಸಿಗಲಿಲ್ಲ. ಈ ತೀರ್ಪಿಗೆ ಬೊಬಾತ್ ಪಂಥದವರ ಆಕ್ಷೇಪವಿದೆ; ಅವರ ಪದ್ಧತಿಯೂ ಮೊದಲಿನಂತೆ ಉಳಿದಿಲ್ಲ. ಆದರೆ ಒಟ್ಟು ದಿಕ್ಕು ಸ್ಪಷ್ಟ: ಮೈಗೆ ಮಾಡಿಸಿದ್ದಕ್ಕಿಂತ ಮಗು ಮಾಡಿದ್ದು ಮೆದುಳಲ್ಲಿ ಉಳಿಯುತ್ತದೆ.

ಒಂದು ಕೈ ಮಾತ್ರ ಬಲಹೀನವಾಗಿರುವ ಮಕ್ಕಳಿಗೆ ಚೆನ್ನಾಗಿರುವ ಕೈಯನ್ನು ದಿನದಲ್ಲಿ ಕೆಲ ಹೊತ್ತು ಕೈಗವಸಿನಲ್ಲಿ ಕಟ್ಟಿಟ್ಟು, ಇನ್ನೊಂದರಿಂದಲೇ ಆಡಿಸುವ ಚಿಕಿತ್ಸೆ ಹಸಿರು ಪಟ್ಟಿಯಲ್ಲಿದೆ. ಕಾರಣ ಹೇಳದೆ ಮಾಡಿದರೆ ಮಗುವಿಗೆ ಅದು ಶಿಕ್ಷೆ. ‘ಈ ಕೈಗೆ ಕೆಲಸ ಸಿಗ್ತಿಲ್ಲ, ಆ ಕೈ ಎಲ್ಲಾನೂ ತಾನೇ ಮಾಡಿಬಿಡುತ್ತೆ’ ಎಂದು ಹೇಳಿದರೆ ಅದು ಆಟ.

ಗುರಿ ಯಾರದಾಗಿರಬೇಕು ಎಂಬುದನ್ನು ಕೆನಡಾದ ಪೀಟರ್ ರೋಸೆನ್‌ಬಾಮ್ ಮತ್ತು ಯಾನ್ ವಿಲೆಮ್ ಗೋರ್ಟರ್ 2012ರಲ್ಲಿ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ 2001ರ ಚೌಕಟ್ಟನ್ನು ಆಧರಿಸಿ ಅವರು ಹೇಳಿದ್ದು ಆರು ವಿಷಯ: ಕೆಲಸ ಸಾಗುವುದು, ಕುಟುಂಬ, ಮೈಯ ಕಸುವು, ಖುಷಿ, ಗೆಳೆಯರು, ಮುಂದಿನ ಬದುಕು. ‘ಮಂಡಿ ಇಷ್ಟು ಡಿಗ್ರಿ ಬಾಗಬೇಕು’ ಎನ್ನುವುದು ಚಿಕಿತ್ಸಕರ ಗುರಿ. ‘ಜಾತ್ರೇಲಿ ಅಣ್ಣನ ಜೊತೆ ತೇರಿನ ತನಕ ನಡೀಬೇಕು’ ಎನ್ನುವುದು ಮಗುವಿನ ಗುರಿ. ಎರಡನೆಯದನ್ನು ಹಿಡಿದರೆ ಮೊದಲನೆಯದಕ್ಕೆ ಅರ್ಥ ಬರುತ್ತದೆ.

ಸೊಟ್ಟಪಾದ ಮತ್ತು ಮೊಣಕೈ

ಪಾಠ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ ನೋಡೋಣ. ಒಂದು, ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿರುವ ಸೊಟ್ಟಪಾದ. ಸ್ಪೇನ್‌ನಿಂದ ಅಮೆರಿಕದ ಅಯೋವಾಕ್ಕೆ ಹೋದ ಇಗ್ನಾಸಿಯೋ ಪೊನ್ಸೆಟಿ ರೂಪಿಸಿದ ವಿಧಾನ ಇಂದು ಎಲ್ಲೆಡೆ ಒಪ್ಪಿತ. ವಾರಕ್ಕೊಮ್ಮೆ ಪಾದವನ್ನು ಮೆಲ್ಲಗೆ ತಿದ್ದಿ ಪ್ಲಾಸ್ಟರ್ ಹಾಕುತ್ತಾರೆ. ಐದಾರು ಪ್ಲಾಸ್ಟರ್, ಬಹುಪಾಲು ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಒಂದು ಸಣ್ಣ ಕೊಯ್ತ. ಪಾದ ನೆಟ್ಟಗಾಗುತ್ತದೆ. ಆಮೇಲೆ ಸರಳಿನಿಂದ ಜೋಡಿಸಿದ ಬೂಟನ್ನು ಮೂರು ತಿಂಗಳು ದಿನಕ್ಕೆ 23 ಗಂಟೆ, ಬಳಿಕ ನಾಲ್ಕೈದು ವರ್ಷ ತುಂಬುವವರೆಗೆ ಮಲಗುವಾಗ ಹಾಕಬೇಕು. ಪಾದ ಮತ್ತೆ ತಿರುಗುವ ಪ್ರಕರಣಗಳಲ್ಲಿ ಬಹುಪಾಲಿಗೆ ಕಾರಣ ಆ ಬೂಟನ್ನು ಬಿಟ್ಟುಬಿಡುವುದು. ಎರಡೂವರೆ ವರ್ಷದ ಮಗು ರಾತ್ರಿ ಬೂಟು ಕಿತ್ತೆಸೆದಾಗ, ನೆಟ್ಟಗಿರುವ ಪಾದವನ್ನು ನೋಡಿ ಅಜ್ಜಿ ‘ಸರಿಹೋಯ್ತಲ್ಲ, ಬಿಡಿ ಪಾಪ’ ಅನ್ನುತ್ತಾರೆ. ಅಜ್ಜಿಗೂ ಮಗುವಿಗೂ ಹೇಳಬೇಕಾದದ್ದು ಒಂದೇ: ಪಾದ ಇನ್ನೂ ಬೆಳೆಯುತ್ತಿದೆ, ಬೆಳೆಯುವಾಗ ಹಳೆಯ ದಾರಿಗೆ ಹೊರಳುತ್ತದೆ. ಗೊಂಬೆಗೂ ಒಂದು ಜೊತೆ ಬೂಟು ಹಾಕಿ ಮಲಗಿಸುವ ಮನೆಯಲ್ಲಿ ಜಗಳ ಕಡಿಮೆ.

ಎರಡನೆಯದು ಮೊಣಕೈ. ಮಾವಿನ ಮರದಿಂದಲೋ ಜಗುಲಿಯಿಂದಲೋ ಕೈ ಊರಿ ಬಿದ್ದ ಮಕ್ಕಳಲ್ಲಿ ಮೊಣಕೈಯ ಮೇಲ್ಭಾಗದ ಮೂಳೆ ಮುರಿಯುವುದು ಬಲು ಸಾಮಾನ್ಯ. ಮೂರ್ನಾಲ್ಕು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದಾಗ ಕೈ ಪೂರ್ತಿ ಚಾಚಲು ಬರುವುದಿಲ್ಲ. ಮನೆಯವರಿಗೆ ಗಾಬರಿ. ಯಾರೋ ಎಣ್ಣೆ ಹಚ್ಚಿ ಜೋರಾಗಿ ತಿಕ್ಕುತ್ತಾರೆ, ಯಾರೋ ನೀರಿನ ಬಕೆಟ್ ಹಿಡಿಸಿ ನಿಲ್ಲಿಸುತ್ತಾರೆ, ಇನ್ನಾರೋ ಎಳೆದು ನೆಟ್ಟಗೆ ಮಾಡಲು ನೋಡುತ್ತಾರೆ. ಈ ಒತ್ತಾಯದಿಂದ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಮೊದಲಿಗಿಂತ ಬಿಗಿಯಾಗಬಹುದು. ನಮ್ಮ ಮೂಳೆ ತಜ್ಞರಿಗೆ ಇದು ಚಿರಪರಿಚಿತ. ಬಾಣಂತಿಮನೆಯಲ್ಲಿ ಕೂಸಿಗೆ ಹದವಾಗಿ ಎಣ್ಣೆ ತಿಕ್ಕಿ ಎರೆಯುವುದು ಬೇರೆ, ಮುರಿದ ಮೊಣಕೈಯನ್ನು ನೀವುವುದು ಬೇರೆ. 2014ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಇಂಥ ಮುರಿತದ ಬಳಿಕ ಫಿಸಿಯೋಥೆರಪಿ ಪಡೆದ ಮಕ್ಕಳಿಗೂ ಪಡೆಯದೆ ತಮ್ಮ ಪಾಡಿಗೆ ಆಡಿದ ಮಕ್ಕಳಿಗೂ ಕೊನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮಗುವಿಗೆ ಹೇಳಬೇಕಾದ ಸತ್ಯ ಬಹಳ ಸರಳ: ಕೈ ನಿನ್ನದು, ನೀನೇ ಮಡಚು, ನೀನೇ ಚಾಚು, ಬೇರೆಯವರು ಎಳೆಯಲು ಬಿಡಬೇಡ.

ಹೇಳಬಾರದ ಮಾತುಗಳು

ಫಿಸಿಯೋಥೆರಪಿ ಎಲ್ಲವನ್ನೂ ಸರಿಮಾಡುತ್ತದೆ ಎಂದು ಮಕ್ಕಳಿಗೆ ಕಲಿಸುವುದು ತಪ್ಪು. ನಡೆಯಲು ಕಲಿಯುವ ಮಗುವಿನ ಕಾಲು ಬಿಲ್ಲಿನಂತಿರುವುದು, ಮೂರ್ನಾಲ್ಕು ವರ್ಷಕ್ಕೆ ಮಂಡಿಗಳು ಒಂದಕ್ಕೊಂದು ತಾಗುವುದು, ಚಿಕ್ಕ ಮಕ್ಕಳ ಪಾದ ಚಪ್ಪಟೆಯಾಗಿರುವುದು ಹೆಚ್ಚಿನವರಲ್ಲಿ ಬೆಳವಣಿಗೆಯ ಹಂತಗಳಷ್ಟೇ, ಚಿಕಿತ್ಸೆ ಬೇಕಿಲ್ಲ. ಶಾಲಾಚೀಲ ಮಗುವಿನ ತೂಕದ ಶೇ. 10 ಮೀರಬಾರದು ಎಂದು ಕೇಂದ್ರದ 2020ರ ನೀತಿ ಹೇಳುತ್ತದೆ. ಆಯಾಸದ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಚೀಲ ಹೊತ್ತರೆ ಬೆನ್ನುಮೂಳೆ ಶಾಶ್ವತವಾಗಿ ಸೊಟ್ಟಗಾಗುತ್ತದೆ ಎಂದು ಹೆದರಿಸಲು ಆಧಾರವಿಲ್ಲ. ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್ ಹದಿಹರೆಯದಲ್ಲಿ ಹೆಚ್ಚಾಗಿ ಬರುವುದು ಬೇರೆ ಕಾರಣಗಳಿಂದ. ಅಲ್ಲಿ ಬೆನ್ನಿಗೆ ಆಸರೆಯಾಗುವ ಬ್ರೇಸ್ ತೊಟ್ಟವರಲ್ಲಿ ಶೇ. 72 ಮಂದಿ ಶಸ್ತ್ರಚಿಕಿತ್ಸೆಯ ಹಂತ ತಲುಪದೆ ಉಳಿದರು, ತೊಡದವರಲ್ಲಿ ಶೇ. 48 ಮಂದಿ ಎಂದು 2013ರ ದೊಡ್ಡ ಪ್ರಯೋಗ ತೋರಿಸಿತು. ತೊಟ್ಟ ಗಂಟೆಗಳು ಹೆಚ್ಚಿದಷ್ಟೂ ಫಲ ಹೆಚ್ಚು ಎನ್ನುವುದು ಹದಿಮೂರರ ಹುಡುಗಿಗೆ ನೇರವಾಗಿ ಹೇಳಬೇಕಾದ ಮಾತು.

‘ನೋವು ತಿಂದರೇ ಗಟ್ಟಿಯಾಗೋದು’ ಎನ್ನುವ ಮಾತೂ ಬೇಡ. ಡುಶೆನ್ ಎಂಬ ಸ್ನಾಯುಕ್ಷಯ ಇರುವ ಹುಡುಗರಲ್ಲಿ ದಣಿಯುವಷ್ಟು ವ್ಯಾಯಾಮ ಸ್ನಾಯುವನ್ನೇ ಹಾಳುಮಾಡಬಹುದು. ಅಲ್ಲಿ ಗುರಿ ಕೀಲುಗಳು ಬಿಗಿಯದಂತೆ ನೋಡಿಕೊಂಡು, ಇರುವ ಬಲವನ್ನು ಹೆಚ್ಚು ಕಾಲ ಉಳಿಸುವುದು. ಹಾಗೆಂದು ನೋವೆಲ್ಲ ಅಪಾಯವೂ ಅಲ್ಲ. ಬಹುದಿನ ಸುಮ್ಮನಿದ್ದ ಸ್ನಾಯು ಮೊದಲ ದಿನಗಳಲ್ಲಿ ಸೆಡೆತು ನೋಯುತ್ತದೆ. ‘ಇದು ಕೆಲಸದ ನೋವು, ಇದು ನಿಲ್ಲಿಸು ಅನ್ನುವ ನೋವು’ ಎಂದು ಮಗುವೇ ಗುರುತಿಸಲು ಕಲಿತರೆ ಚಿಕಿತ್ಸೆ ಅರ್ಧ ಗೆದ್ದಂತೆ. ಬೆಲ್ಜಿಯಂನ ಸಂಶೋಧಕರು ಮಕ್ಕಳಿಗೆ ನೋವಿನ ವಿಜ್ಞಾನ ಕಲಿಸಲು ಹಲಗೆಯಾಟವನ್ನೇ ಬಳಸಿದ್ದಾರೆ.

ಕರ್ನಾಟಕಕ್ಕೇ ಸೇರಿದ ಎಚ್ಚರಿಕೆಗಳೂ ಇವೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಮೂಳೆಗೆ ಸೇರುತ್ತದೆ. ಅಲ್ಲಿ ಮೊದಲು ಬದಲಾಗಬೇಕಾದದ್ದು ನೀರು. ವ್ಯಾಯಾಮ ಫ್ಲೋರೈಡನ್ನು ತೆಗೆಯದು. ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ವಂಶವಾಹಿಯಲ್ಲಿ ಬರುವಂಥದ್ದು. ಸೊಂಟ, ಮಂಡಿ ಹಿಡಿದ ಮಕ್ಕಳಿಗೆ ಓಡಾಟ ಉಳಿಸಿಕೊಡಬಹುದು, ಗುಣದ ಭರವಸೆ ಕೊಡಲಾಗದು. ಇನ್ನು, ರಕ್ತ ಬೇಗ ಹೆಪ್ಪುಗಟ್ಟದ ಹಿಮೋಫಿಲಿಯಾ ಇರುವ ಮಕ್ಕಳಿಗೆ ಕೀಲಿನೊಳಗಿನ ರಕ್ತಸ್ರಾವ ನಿಂತ ಮೇಲೆ ವ್ಯಾಯಾಮ ಶುರುವಾಗಬೇಕು, ಅದಕ್ಕೂ ಮೊದಲು ಕೂಡದು. ಗಟ್ಟಿ ಸ್ನಾಯು ಕೀಲನ್ನು ಕಾಯುತ್ತದೆ ಎಂಬ ತಿಳಿವಳಿಕೆಯನ್ನು ಅಂಥ ಮಕ್ಕಳಿಗೇ ಕೊಡಬೇಕಾಗುತ್ತದೆ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂಥ ಸಂಸ್ಥೆಗಳು ಆ ಕಾರಣಕ್ಕೇ ಮುಖ್ಯ.

ಕಲಿಸುವವರು ಯಾರು?

ನಮ್ಮಲ್ಲಿ ವ್ಯವಸ್ಥೆ ಇಲ್ಲವೆಂದೇನಿಲ್ಲ. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ, 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ, ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ದಶಕಗಳಿಂದ ಈ ಕೆಲಸದಲ್ಲಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆಗಳಲ್ಲಿ ತಪಾಸಣೆ ನಡೆಯುತ್ತದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಅದರ ವ್ಯಾಪ್ತಿಯಲ್ಲಿದ್ದಾರೆ. ಸೊಟ್ಟಪಾದವೂ ಅದರ ಪಟ್ಟಿಯಲ್ಲಿದೆ. ತೊಂದರೆ ಕಂಡವರನ್ನು ಕಳಿಸುವ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್ ಹುದ್ದೆಯಿದೆ. ಸಮಗ್ರ ಶಿಕ್ಷಣದಡಿ ವಿಶೇಷ ಅಗತ್ಯದ ಮಕ್ಕಳಿಗೆ ಬ್ಲಾಕ್ ಸಂಪನ್ಮೂಲ ಶಿಕ್ಷಕರಿದ್ದಾರೆ, ಶಾಲೆಗೆ ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇವಕ್ಕೆ ಕಾನೂನಿನ ಬಲ ಕೊಟ್ಟಿದೆ.

ಕೊರತೆ ಇರುವುದು ಮಾತಿನಲ್ಲಿ. ಚಿಕಿತ್ಸಕರು ಕೊಡುವ ವ್ಯಾಯಾಮದ ಚೀಟಿ ಸಾಮಾನ್ಯವಾಗಿ ದೊಡ್ಡವರಿಗೆ ಬರೆದದ್ದು. ಮಗುವಿಗೆ ಓದಲು ಅದರಲ್ಲಿ ಏನೂ ಇರುವುದಿಲ್ಲ. ವಿಜ್ಞಾನದ ಪಾಠ ಹೇಳುವ ಶಿಕ್ಷಕರಿಗೂ ತರಗತಿಯಲ್ಲಿ ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿ ಕೂತ ಹುಡುಗಿಗೂ ನಡುವೆ ಸೇತುವೆಯಿಲ್ಲ. ಆಟದ ಪೀರಿಯಡ್ಡಿನಲ್ಲಿ ಅವಳನ್ನು ನೆರಳಲ್ಲಿ ಕೂರಿಸಿ ಬ್ಯಾಗು ಕಾಯಲು ಬಿಡುವುದೇ ಕರುಣೆ ಎಂದುಕೊಂಡಿದ್ದೇವೆ. ಆದರೆ ಮೂಳೆಗೂ ಸ್ನಾಯುವಿಗೂ ಅತಿ ಹೆಚ್ಚು ಕೆಲಸ ಬೇಕಿರುವುದು ಅವಳಿಗೇ. ಸೆರೆಬ್ರಲ್ ಪಾಲ್ಸಿಯಲ್ಲಿ ಮಗು ಮುಟ್ಟಬಲ್ಲ ಚಲನಾ ಸಾಮರ್ಥ್ಯದ ಸುಮಾರು ಶೇ. 90 ಭಾಗ ಐದು ವರ್ಷದ ಆಸುಪಾಸಿಗೇ ಬಂದಿರುತ್ತದೆ ಎಂದು ಕೆನಡಾದ ಅಧ್ಯಯನ 2002ರಲ್ಲೇ ಹೇಳಿದೆ. ಆದ್ದರಿಂದ ಈ ಪಾಠ ಆರನೇ ತರಗತಿಗೆ ಕಾಯುವಂತಿಲ್ಲ. ಅಂಗನವಾಡಿಯಲ್ಲೇ, ಗೊಂಬೆಯ ಜೊತೆಗೇ ಶುರುವಾಗಬೇಕು.

ಇಷ್ಟನ್ನೂ ಒಟ್ಟಿಗಿಟ್ಟು ನೋಡಿದರೆ ತೀರ್ಮಾನ ಕಷ್ಟದ್ದಲ್ಲ. ಮಗುವಿಗೆ ಕಲಿಸಬೇಕಾದದ್ದು ಮೂಳೆಗಳ ಹೆಸರಿನ ಪಟ್ಟಿಯನ್ನಲ್ಲ. ಮೈ ಬಳಕೆಗೆ ತಕ್ಕಂತೆ ಬದಲಾಗುತ್ತದೆ, ಬದಲಾವಣೆಗೆ ಸಮಯ ಬೇಕು, ಎಲ್ಲವೂ ಬದಲಾಗುವುದಿಲ್ಲ: ಈ ಮೂರು ಮಾತು ಸಾಕು. ಹೇಳುವುದು ಮಗುವಿನ ಸ್ವಂತ ಕೈಕಾಲಿನ ಮೇಲೆ, ಅದಕ್ಕೇ ಬೇಕಾದ ಗುರಿಯ ಸುತ್ತ ಇರಲಿ. ಮಕ್ಕಳನ್ನು ಫಿಸಿಯೋಥೆರಪಿಗೆ ಕರೆದೊಯ್ಯುವ ತಂದೆತಾಯಿಗೆ ಒಂದೇ ಕೋರಿಕೆ: ಮುಂದಿನ ಸಲ ಚಿಕಿತ್ಸಕರು ನಿಮ್ಮತ್ತ ತಿರುಗಿ ವಿವರಿಸಲು ಶುರು ಮಾಡಿದಾಗ, ‘ನನಗಲ್ಲ, ಇವಳಿಗೇ ಹೇಳಿ’ ಅನ್ನಿ.